ಅಂಗಳ ಡೊಂಕೆಂಬ ಮಾತು

ಕುಣಿಯಲಾರದವಳು ಅಂಗಳ ಡೊಂಕೆಂದಳಂತೆ. ತನ್ನ ಕೊರತೆಯನ್ನು ಮರೆಮಾಚಿ ನೆಲದ ಮೇಲೆ ದೂರು ಹೊರಿಸುವವರನ್ನು ಕಂಡಾಗಲೆಲ್ಲ ನಮ್ಮ ಜನ ಈ ಗಾದೆಯನ್ನು ಹೇಳಿ ನಕ್ಕುಬಿಡುತ್ತಾರೆ. ಆದರೆ ಅಂಗಳ ನಿಜವಾಗಿಯೂ ಡೊಂಕಾಗಿರಬಹುದಾದ ಒಂದು ಕಸುಬು ನಮ್ಮ ಕಾಲದಲ್ಲಿ ಹುಟ್ಟಿಕೊಂಡಿದೆ. ಅದು ಜಾಲತಾಣಗಳನ್ನು ಕಟ್ಟುವವರ ಕಸುಬು. ಮನೆಯ ಯಂತ್ರದಲ್ಲಿ ಬರೆದು, ಓಡಿಸಿ, ಪರೀಕ್ಷಿಸಿ, ಎಲ್ಲವೂ ನೆಟ್ಟಗಿದೆಯೆಂದು ಕಳಿಸಿದ ಕೆಲಸ ಊರ ಮುಂದೆ ಬಂದೊಡನೆ ಎಡವಿ ಬೀಳುತ್ತದೆ. ‘ನನ್ನ ಯಂತ್ರದಲ್ಲಿ ಸರಿಯಾಗಿಯೇ ನಡೆಯುತ್ತಿತ್ತಲ್ಲ’ ಎಂಬುದು ಆಗ ಕಟ್ಟಿದವನ ಬಾಯಿಂದ ಹೊರಡುವ ಮೊದಲ ಮಾತು. ಆ ಕಸುಬಿನವರಲ್ಲಿ ಇದೊಂದು ನಗೆಮಾತೇ ಆಗಿಹೋಗಿದೆ. ಆದರೂ ಅದು ಬಹುಮಟ್ಟಿಗೆ ನಿಜವಾದ ಮಾತು. ಮನೆಯ ಅಂಗಳವೂ ಊರಿನ ರಂಗಸ್ಥಳವೂ ಒಂದೇ ಮಟ್ಟದಲ್ಲಿರುವಂತೆ ಮಾಡಿಕೊಳ್ಳಲು ನಡೆದ ಪ್ರಯತ್ನಗಳಿಗೆ ಒಂದು ಇತಿಹಾಸವೇ ಇದೆ. ಅದನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ.

ಮೊದಲು ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ರೈಲಿನ ಟಿಕೆಟ್ಟು ಕಾದಿರಿಸುವುದು, ಪರೀಕ್ಷೆಯ ಫಲಿತಾಂಶ ನೋಡುವುದು, ಜಮೀನಿನ ಪಹಣಿ ತೆಗೆಯುವುದು, ಇವೆಲ್ಲ ಇಂದು ಜಾಲತಾಣದ ಮೂಲಕ ನಡೆಯುತ್ತವೆ. ಇವು ಅಚ್ಚು ಹಾಕಿಟ್ಟ ಪುಟಗಳಲ್ಲ. ಕೇಳಿದವರಿಗೆ ಕೇಳಿದ್ದನ್ನು ಆಗಿಂದಾಗ ಸಿದ್ಧಪಡಿಸಿ ಕೊಡುವ ಕ್ರಮವಿಧಿಗಳು. ಇವಕ್ಕೆ ಸಾಮಾನ್ಯವಾಗಿ ಮೂರು ಅಂಗಗಳು ಬೇಕು. ಬಂದವರ ಕೋರಿಕೆಯನ್ನು ಕೇಳಿಕೊಂಡು ಉತ್ತರ ತಂದುಕೊಡುವ ಸರ್ವರ್ ಒಂದು. ಹೋಟೆಲಿನಲ್ಲಿ ನಾವು ಕರೆಯುವ ಸರ್ವರನ ಕೆಲಸವೇ ಇದರದೂ ಎಂದರೆ ತಪ್ಪಾಗದು. ಬರೆದಿಟ್ಟ ಆಜ್ಞೆಗಳನ್ನು ಓದಿ ನಡೆಸುವ ಭಾಷೆಯ ಯಂತ್ರಾಂಗ ಎರಡನೆಯದು. ಮಾಹಿತಿಯನ್ನೆಲ್ಲ ಒಪ್ಪವಾಗಿ ತುಂಬಿಟ್ಟುಕೊಂಡಿರುವ ಡೇಟಾಬೇಸ್ ಎಂಬ ಕಣಜ ಮೂರನೆಯದು. ಈ ಮೂರೂ ಎಲ್ಲೋ ದೂರದ ಊರಿನ ಯಂತ್ರದಲ್ಲಿದ್ದು ಲೋಕಕ್ಕೆಲ್ಲ ಸೇವೆ ಸಲ್ಲಿಸುತ್ತವೆ. ಇವನ್ನೇ ಕಟ್ಟುವವನು ತನ್ನ ಮೇಜಿನ ಮೇಲಿನ ಯಂತ್ರದಲ್ಲಿ ಚಿಕ್ಕದಾಗಿ ಹೂಡಿಕೊಂಡರೆ ಅದು ಸ್ಥಳೀಯ ಅಭಿವೃದ್ಧಿ ಪರಿಸರ. ನಾಟಕದವರ ಮಾತಿನಲ್ಲಿ ಹೇಳುವುದಾದರೆ ಅದು ತಾಲೀಮಿನ ಮನೆ. ಅಲ್ಲಿ ಮಾತು ತಪ್ಪಿದರೆ ಪ್ರೇಕ್ಷಕರು ನಗುವುದಿಲ್ಲ.

ಹಿಂದಿನ ಕಾಲದಲ್ಲಿ ಗಣಕದ ಕೆಲಸಗಾರನಿಗೆ ಇಂಥ ತಾಲೀಮಿನ ಮನೆಯೇ ಇರಲಿಲ್ಲ. ಯಂತ್ರವೆಂದರೆ ಒಂದು ಕೋಣೆಯನ್ನೇ ತುಂಬಿದ ವಸ್ತು. ಕಾರ್ಡುಗಳಲ್ಲಿ ತೂತು ಹೊಡೆಸಿದ ಆಜ್ಞೆಗಳನ್ನು ಕೊಟ್ಟುಬಂದು, ಉತ್ತರಕ್ಕಾಗಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕಾಗಿತ್ತು. ಒಂದು ಅಲ್ಪವಿರಾಮ ತಪ್ಪಿದ್ದರೆ ಮತ್ತೆ ಅದೇ ಸರದಿ. 1961ರ ನವೆಂಬರಿನಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರೂ ಅವರ ಸಂಗಡಿಗರೂ ಒಂದೇ ಯಂತ್ರದ ಕಾಲವನ್ನು ಹಲವರಿಗೆ ಹಂಚಿಕೊಡುವ ವಿಧಾನವನ್ನು ತೋರಿಸಿದರು. ಪ್ರತಿಯೊಬ್ಬನೂ ತನ್ನ ಟೈಪ್‌ರೈಟರಿನಂಥ ಸಾಧನದ ಮುಂದೆ ಕುಳಿತು ಯಂತ್ರ ತನ್ನೊಬ್ಬನದೇ ಎಂಬಂತೆ ಕೆಲಸ ಮಾಡಬಹುದಾಯಿತು. ಕಾಯುವ ಕಷ್ಟ ತಪ್ಪಿತು. ಆದರೆ ಅಂಗಳ ಎಲ್ಲರಿಗೂ ಸೇರಿದ್ದು. ಯಂತ್ರ ಕೆಟ್ಟರೆ ಎಲ್ಲರ ಕೆಲಸವೂ ಒಟ್ಟಿಗೆ ನಿಲ್ಲುತ್ತಿತ್ತು. ಮುಂದೆ ಮೇಜಿನ ಮೇಲಿಡುವ ಚಿಕ್ಕ ಯಂತ್ರಗಳು ಬಂದ ಮೇಲೆಯೇ ಕೆಲಸಗಾರನಿಗೆ ತನ್ನದೆಂಬ ಅಂಗಳ ದೊರೆತದ್ದು.

ಇನ್ನು ಜಾಲದ ಕತೆಗೆ ಬರೋಣ. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿ ಸರ್ನ್ ಎಂಬ ಪರಮಾಣು ಸಂಶೋಧನಾ ಕೇಂದ್ರವಿದೆ. ಅಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷ್ ವಿಜ್ಞಾನಿ 1989ರ ಮಾರ್ಚಿಯಲ್ಲಿ ಒಂದು ಸಲಹೆಯನ್ನು ಬರೆದುಕೊಟ್ಟರು. 1990ರ ಕ್ರಿಸ್‌ಮಸ್ ವೇಳೆಗೆ ಅದನ್ನು ಕಾರ್ಯರೂಪಕ್ಕೂ ತಂದರು. ಅವರ ಬಳಿಯಿದ್ದದ್ದು ನೆಕ್ಸ್ಟ್ ಎಂಬ ಹೆಸರಿನ ಕಪ್ಪು ಬಣ್ಣದ ಒಂದು ಕಂಪ್ಯೂಟರು. ಪುಟಗಳನ್ನು ಓದುವ ಮತ್ತು ತಿದ್ದುವ ಬ್ರೌಸರನ್ನು ಅವರು ಬರೆದದ್ದು ಅದರಲ್ಲೇ. ಪುಟಗಳನ್ನು ಹೊರಗಿನವರಿಗೆ ಬಡಿಸುವ ಸರ್ವರ್ ನಡೆಯುತ್ತಿದ್ದದ್ದೂ ಅದರಲ್ಲೇ. ಕಮ್ಮಾರನ ಕುಲುಮೆಯೂ ಅಂಗಡಿಯೂ ಒಂದೇ ಸೂರಿನಡಿ ಇದ್ದಂತೆ. ಯಾರಾದರೂ ತಿಳಿಯದೆ ಯಂತ್ರವನ್ನು ಆರಿಸಿಬಿಟ್ಟರೆ? ಆ ಭಯದಿಂದ, ಇದು ಸರ್ವರ್, ಇದನ್ನು ಆರಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದ ಒಂದು ಚೀಟಿಯನ್ನು ಅದಕ್ಕೆ ಅಂಟಿಸಲಾಗಿತ್ತು. ಜಗತ್ತಿನ ಮೊತ್ತಮೊದಲ ಜಾಲತಾಣದ ರಕ್ಷಣೆಗೆ ಇದ್ದ ಏರ್ಪಾಡು ಅದೊಂದು ಚೀಟಿ. ನಮ್ಮ ವಿಷಯದ ಸಮಸ್ಯೆಯೆಲ್ಲ ಬೀಜರೂಪದಲ್ಲಿ ಆ ಚೀಟಿಯಲ್ಲಿಯೇ ಅಡಗಿದೆ. ಕಟ್ಟುವ ಜಾಗವೂ ನಡೆಸುವ ಜಾಗವೂ ಒಂದೇ ಆದಾಗ ಅಂಗಳ ಡೊಂಕೆಂಬ ಮಾತಿಗೆ ಎಡೆಯಿಲ್ಲ, ನಿಜ. ಆದರೆ ಕಟ್ಟುವವನ ಒಂದು ಕೈತಪ್ಪು ನಡೆಯುತ್ತಿರುವುದನ್ನೇ ಕೆಡವಿಬಿಡಬಹುದು.

ಮರುವರ್ಷವೇ ಜಾಲವು ಬೇರೆ ಅಂಗಳಗಳನ್ನು ಮೆಟ್ಟಬೇಕಾಯಿತು. 1991ರ ಡಿಸೆಂಬರಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಯೂರೋಪಿನ ಹೊರಗಿನ ಮೊದಲ ಸರ್ವರ್ ಆರಂಭವಾಯಿತು. ಅಲ್ಲಿದ್ದದ್ದು ಐ.ಬಿ.ಎಂ. ಸಂಸ್ಥೆಯ ದೊಡ್ಡ ಯಂತ್ರ; ನೆಕ್ಸ್ಟ್ ಯಂತ್ರಕ್ಕೂ ಅದಕ್ಕೂ ಯಾವ ಹೋಲಿಕೆಯೂ ಇಲ್ಲ. ಭೌತವಿಜ್ಞಾನದ ಲೇಖನಗಳ ಒಂದು ದೊಡ್ಡ ಸೂಚಿಯನ್ನು ಅದು ದೂರದವರಿಗೆ ತೆರೆದು ತೋರಿಸಿತು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಜಾಲದ ಮೂಲ ಕ್ರಮವಿಧಿಗಳನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದೆಂದು ಸಾರಿತು. ಆ ಔದಾರ್ಯದಿಂದಾಗಿ ಜಾಲ ಊರೂರಿಗೆ ಹಬ್ಬಿತು. ಅದೇ ವರ್ಷ ಇಲಿನಾಯ್ ವಿಶ್ವವಿದ್ಯಾಲಯದವರು ಸಿಜಿಐ ಎಂಬ ಸಂಧಾನ ಕ್ರಮವೊಂದನ್ನು ರೂಪಿಸಿದರು. ಅಲ್ಲಿಯವರೆಗೆ ಬರೆದಿಟ್ಟ ಪುಟವನ್ನು ಎತ್ತಿಕೊಡುತ್ತಿದ್ದ ಸರ್ವರ್, ಆ ಬಳಿಕ ಕೇಳಿದ ಕೂಡಲೆ ಲೆಕ್ಕಹಾಕಿ ಉತ್ತರ ಕೊಡುವಂತಾಯಿತು.

1995 ಈ ಇತಿಹಾಸದಲ್ಲಿ ಮುಖ್ಯವಾದ ವರ್ಷ. ಅಪಾಚಿ ಎಂಬ ಸರ್ವರ್, ರಾಸ್ಮಸ್ ಲೆರ್ಡಾರ್ಫ್ ಅವರ ಪಿಎಚ್‌ಪಿ ಎಂಬ ಭಾಷೆ, ಸ್ವೀಡನ್ನಿನಲ್ಲಿ ಹುಟ್ಟಿದ ಮೈಎಸ್‌ಕ್ಯೂಎಲ್ ಎಂಬ ಕಣಜ, ಈ ಮೂರೂ ಆ ಒಂದೇ ವರ್ಷದಲ್ಲಿ ತಲೆದೋರಿದವು. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ್ದ ಲಿನಕ್ಸ್ ಇವಕ್ಕೆ ನೆಲವಾಯಿತು. ನಾಲ್ಕೂ ಉಚಿತ. ಈ ನಾಲ್ಕರ ಮೊದಲಕ್ಷರಗಳನ್ನು ಕೂಡಿಸಿ ಲ್ಯಾಂಪ್ ಎಂದು ಹೆಸರಿಟ್ಟರು. ದೀಪವೆಂದೇ ಆ ಪದದ ಅರ್ಥವಾದ್ದರಿಂದ ಹೆಸರು ಚೆನ್ನಾಗಿಯೇ ಹೊಂದಿತು. ಆದರೆ ಆ ಕಾಲದ ಎಷ್ಟೋ ಮಂದಿ ಹೇಗೆ ಕೆಲಸ ಮಾಡುತ್ತಿದ್ದರೆಂದರೆ, ಬಾಡಿಗೆಗೆ ಪಡೆದ ದೂರದ ಸರ್ವರಿನ ಕಡತವನ್ನೇ ನೇರವಾಗಿ ತಿದ್ದುವರು. ಉಳಿಸಿದ ಮರುಕ್ಷಣ ಲೋಕವೆಲ್ಲ ಅದನ್ನೇ ನೋಡುವುದು. ತಿದ್ದುಪಡಿ ತಪ್ಪಾದರೆ ಲೋಕವೇ ತಪ್ಪನ್ನು ನೋಡುವುದು. ಇದು ಪರದೆ ಎತ್ತಿದ ಮೇಲೆ ರಂಗದಲ್ಲೇ ತಾಲೀಮು ನಡೆಸಿದಂತೆ.

ಮನೆಯಲ್ಲೇ ತಾಲೀಮು ನಡೆಸಲು ಬೇಕಾದ ಒಂದು ಚಮತ್ಕಾರ ಮಾತ್ರ ಜಾಲ ಹುಟ್ಟುವ ಮೊದಲೇ ಸಿದ್ಧವಾಗಿತ್ತು. ಅಂತರಜಾಲದ ಪ್ರತಿಯೊಂದು ಯಂತ್ರಕ್ಕೂ ಅಂಕಿಗಳ ಒಂದು ವಿಳಾಸವುಂಟಷ್ಟೆ. ಅದರಲ್ಲಿ 127 ಎಂದು ಮೊದಲಾಗುವ ವಿಳಾಸಗಳನ್ನೆಲ್ಲ ಯಂತ್ರವು ತನಗೆ ತಾನೇ ಮಾತಾಡಿಕೊಳ್ಳುವುದಕ್ಕೆಂದು ಮೀಸಲಿಟ್ಟಿದ್ದಾರೆ. ಅಂಥ ವಿಳಾಸಗಳ ಒಟ್ಟು ಸಂಖ್ಯೆ 1,67,77,216. ಬಳಕೆಯಲ್ಲಿರುವುದು ಹೆಚ್ಚಾಗಿ ಒಂದೇ: 127.0.0.1. ಇದಕ್ಕೆ ಲೋಕಲ್‌ಹೋಸ್ಟ್ ಎಂಬ ಹೆಸರೂ ಇದೆ. ಈ ವಿಳಾಸಕ್ಕೆ ಬರೆದ ಓಲೆ ಮನೆಯ ಹೊಸ್ತಿಲು ದಾಟುವುದಿಲ್ಲ. ಬರೆದವನ ಕೈಗೇ ಮರಳುತ್ತದೆ. ನಾಟಕಗಳಲ್ಲಿ ಪಾತ್ರವೊಂದು ಯಾರಿಗೂ ಕೇಳಿಸದಂತೆ ತನ್ನಲ್ಲೇ ಆಡಿಕೊಳ್ಳುವ ಮಾತನ್ನು ನಾವು ಸ್ವಗತವೆನ್ನುತ್ತೇವೆ. ಇದು ಯಂತ್ರದ ಸ್ವಗತ. ಕೇಳುವ ಬ್ರೌಸರೂ ಬಡಿಸುವ ಸರ್ವರೂ ಒಂದೇ ಯಂತ್ರದೊಳಗೆ ಕುಳಿತು, ದೂರದೂರಿನವರಂತೆ ಸಂಭಾಷಿಸುತ್ತವೆ. ಇದಕ್ಕೆ ತಂತಿಯೂ ಬೇಡ, ಅಂತರಜಾಲದ ಸಂಪರ್ಕವೂ ಬೇಡ.

ವಿಳಾಸದ ಜೊತೆಗೆ ಬಾಗಿಲಿನ ಸಂಖ್ಯೆಯೂ ಒಂದಿರುತ್ತದೆ. ಲೋಕಕ್ಕೆ ತೆರೆದ ಸಾಮಾನ್ಯ ಜಾಲತಾಣದ ಬಾಗಿಲು 80. ಗುಟ್ಟಾಗಿ ಮಾತಾಡುವ ತಾಣದ್ದು 443. ಯುನಿಕ್ಸ್ ವಂಶದ ಯಂತ್ರಗಳಲ್ಲಿ 1024ಕ್ಕಿಂತ ಕೆಳಗಿನ ಬಾಗಿಲುಗಳನ್ನು ತೆರೆಯುವ ಅಧಿಕಾರ ಯಂತ್ರದ ಯಜಮಾನನಿಗೆ ಮಾತ್ರ ಇರುವುದು ವಾಡಿಕೆ. ಆದ್ದರಿಂದಲೇ ತಾಲೀಮು ಮಾಡುವವರು 8080, 8000, 3000 ಮುಂತಾದ ದೊಡ್ಡ ಸಂಖ್ಯೆಯ ಬಾಗಿಲುಗಳನ್ನು ಆರಿಸಿಕೊಂಡರು. ಹೊಸಬನಿಗೆ ಮಂತ್ರದಂತೆ ಕಾಣುವ ಈ ಅಂಕಿಗಳ ಹಿಂದೆ ಇರುವುದು ಇಷ್ಟೇ ಸಂಗತಿ.

ಸಾಧನಗಳೆಲ್ಲ ಇದ್ದರೂ ಅವನ್ನು ಒಂದೊಂದಾಗಿ ತಂದು ಜೋಡಿಸುವುದು ಸಾಮಾನ್ಯರಿಗೆ ಸುಲಭವಾಗಿರಲಿಲ್ಲ. 2002ರಲ್ಲಿ ಜರ್ಮನಿಯ ಅಪಾಚಿ ಫ್ರೆಂಡ್ಸ್ ಎಂಬ ಬಳಗದವರು ಸರ್ವರ್, ಭಾಷೆ, ಕಣಜ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಝ್ಯಾಂಪ್ ಎಂಬ ಹೆಸರಿನಲ್ಲಿ ಉಚಿತವಾಗಿ ಹಂಚಿದರು. ಗಂಟನ್ನು ಬಿಚ್ಚಿದರೆ ಸಾಕು, ವಿಂಡೋಸ್ ಯಂತ್ರದಲ್ಲೂ ತಾಲೀಮಿನ ಮನೆ ಸಿದ್ಧ. 2004ರಲ್ಲಿ ಬಂದ ರೇಲ್ಸ್, 2005ರಲ್ಲಿ ಬಂದ ಜ್ಯಾಂಗೊ ಮುಂತಾದ ಚೌಕಟ್ಟುಗಳು ತಾಲೀಮಿಗೆಂದೇ ಒಂದು ಚಿಕ್ಕ ಸರ್ವರನ್ನು ತಮ್ಮ ಜೊತೆಯಲ್ಲಿಯೇ ತಂದವು. ಹೀಗೆ ಮನೆಯಂಗಳ ಎಲ್ಲರಿಗೂ ದೊರೆಯಿತು. ಆದರೆ ಮನೆಯಂಗಳವೆಂದ ಕೂಡಲೆ ಅದು ಊರಂಗಳಕ್ಕಿಂತ ಬೇರೆ. ಡೊಂಕಿನ ಕತೆ ಮೊದಲಾಗುವುದು ಇಲ್ಲಿಂದ.

ಊರಿನ ಗ್ರಂಥಾಲಯವೊಂದಕ್ಕೆ ಪುಸ್ತಕಗಳ ಪಟ್ಟಿಯನ್ನು ತೋರಿಸುವ ಜಾಲತಾಣವನ್ನು ಯಾರೋ ಕಟ್ಟುತ್ತಿದ್ದಾರೆಂದು ಭಾವಿಸೋಣ. ಕಟ್ಟುವುದು ವಿಂಡೋಸ್ ಯಂತ್ರದಲ್ಲಿ. ನಡೆಯಬೇಕಾದದ್ದು ಲಿನಕ್ಸ್ ಸರ್ವರಿನಲ್ಲಿ. ಮುಖಪುಟದ ಚಿತ್ರದ ಕಡತಕ್ಕೆ ಹೆಸರಿಡುವಾಗ ಮೊದಲಕ್ಷರವನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದು, ಪುಟದಲ್ಲಿ ಅದನ್ನು ಕರೆಯುವಾಗ ಚಿಕ್ಕಕ್ಷರದಲ್ಲಿ ಬರೆದರೆನ್ನಿ. ವಿಂಡೋಸ್ ಸಾಮಾನ್ಯವಾಗಿ ಎರಡನ್ನೂ ಒಂದೇ ಎಂದೆಣಿಸುತ್ತದೆ, ಚಿತ್ರ ಕಾಣಿಸುತ್ತದೆ. ಲಿನಕ್ಸಿಗೆ ಅವು ಎರಡು ಬೇರೆ ಹೆಸರುಗಳು, ಚಿತ್ರ ಸಿಗದು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲದಿರುವುದು ಎಂಥ ಸುಖವೆಂದು ಇಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಎರಡನೆಯದು ಸಾಲಿನ ಕೊನೆಯ ಡೊಂಕು. ಹಳೆಯ ಟೆಲಿಪ್ರಿಂಟರಿನಲ್ಲಿ ಒಂದು ಸಾಲು ಮುಗಿದರೆ ಎರಡು ಅಪ್ಪಣೆಗಳನ್ನು ಕೊಡಬೇಕಾಗಿತ್ತು. ಅಚ್ಚಿನ ಗಾಡಿಯನ್ನು ಎಡತುದಿಗೆ ತರುವುದು ಒಂದು, ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸುವುದು ಇನ್ನೊಂದು. ಗಾಡಿಯೂ ಕಾಗದವೂ ಇಲ್ಲದ ಈ ಕಾಲದಲ್ಲೂ ವಿಂಡೋಸ್ ಆ ಎರಡೂ ಗುರುತುಗಳನ್ನು ಉಳಿಸಿಕೊಂಡು ಬಂದಿದೆ. ಯುನಿಕ್ಸ್ ಒಂದನ್ನು ಬಿಟ್ಟು ಒಂದನ್ನು ಮಾತ್ರ ಇಟ್ಟುಕೊಂಡಿತು. ಈ ಹೆಚ್ಚಿನ ಗುರುತು ಕಣ್ಣಿಗೆ ಕಾಣುವುದಿಲ್ಲ. ಆದರೆ ವಿಂಡೋಸಿನಲ್ಲಿ ಬರೆದ ಆಜ್ಞಾಪಟ್ಟಿಯೊಂದನ್ನು ಲಿನಕ್ಸಿನಲ್ಲಿ ನಡೆಸಹೋದರೆ, ಮೊದಲ ಸಾಲಿನ ಹೆಸರಿಗೆ ಆ ಕಾಣದ ಗುರುತು ಅಂಟಿಕೊಂಡಿರುವುದರಿಂದ, ಅಂಥ ಹೆಸರಿನದೇ ಇಲ್ಲವೆಂದು ಯಂತ್ರ ಹಟ ಹಿಡಿಯುತ್ತದೆ. ಕಣ್ಣೆದುರಿಗಿರುವುದನ್ನು ಇಲ್ಲವೆಂದರೆ ಯಾರಿಗೆ ತಲೆಕೆಡದು?

ಮೂರನೆಯದು ಕಾಲದ ಡೊಂಕು. ಆಕಾಶವಾಣಿಯ ಓದುಗರಿಗೆ ಇದು ಬೇಗ ಅರ್ಥವಾದೀತು. ಈಗ ಯಾವ ಕಾರ್ಯಕ್ರಮ ಪ್ರಸಾರವಾಗುತ್ತಿದೆಯೆಂದು ತೋರಿಸುವ ಪುಟವೊಂದನ್ನು ಕಟ್ಟಿದರೆನ್ನಿ. ಮನೆಯ ಯಂತ್ರ ಭಾರತೀಯ ಕಾಲವನ್ನು ಅನುಸರಿಸುತ್ತದೆ. ಸರ್ವರುಗಳ ಗಡಿಯಾರವನ್ನು ಬಹುಮಟ್ಟಿಗೆ ವಿಶ್ವಕಾಲಕ್ಕೆ ಹೊಂದಿಸಿಟ್ಟಿರುತ್ತಾರೆ; ಅದು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ರಾತ್ರಿ ಏಳೂವರೆಗೆ ಮನೆಯಲ್ಲಿ ನಾಟಕವೆಂದು ಸರಿಯಾಗಿ ತೋರಿಸಿದ ಪುಟ, ಊರಿಗೆ ಹೋದ ಮೇಲೆ ಮಧ್ಯಾಹ್ನ ಎರಡು ಗಂಟೆಯ ಕಾರ್ಯಕ್ರಮವನ್ನು ತೋರಿಸುತ್ತ ಕೂರುತ್ತದೆ.

ಇವೆಲ್ಲ ತಿದ್ದಿಕೊಳ್ಳಬಹುದಾದ ತಪ್ಪುಗಳು. ತಿದ್ದಲಾಗದ ಡೊಂಕೊಂದಿದೆ, ಅದು ಅಕ್ಷರದ ಡೊಂಕು. ಕನ್ನಡಿಗರಾದ ನಾವು ಇದನ್ನು ವಿಶೇಷವಾಗಿ ತಿಳಿದುಕೊಳ್ಳಬೇಕು. ಯಂತ್ರಕ್ಕೆ ಗೊತ್ತಿರುವುದು ಅಂಕಿಗಳು ಮಾತ್ರ. ಯಾವ ಅಕ್ಷರಕ್ಕೆ ಯಾವ ಅಂಕಿಯೆಂಬ ಒಪ್ಪಂದ ಮೊದಲು ಆಗಬೇಕು. ಲೋಕದ ಲಿಪಿಗಳಿಗೆಲ್ಲ ಒಂದೇ ಒಪ್ಪಂದವಿರಲೆಂದು ಮಾಡಿದ ಯೂನಿಕೋಡ್ 1991ರಲ್ಲಿ ಹೊರಬಂದಾಗಲೇ ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಕೇರಿಯನ್ನು ಬಿಟ್ಟುಕೊಟ್ಟಿದ್ದರು. ಈ ಅಂಕಿಗಳನ್ನು ಬರೆದಿಡುವ ಯುಟಿಎಫ್-8 ಎಂಬ ಕ್ರಮವನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟು ಬೇಕು. ‘ಕನ್ನಡ’ ಎಂಬ ಪದವನ್ನು ತೆಗೆದುಕೊಳ್ಳಿ. ನಮ್ಮ ಎಣಿಕೆಯಲ್ಲಿ ಅದು ಮೂರಕ್ಷರ. ಯಂತ್ರದ ಎಣಿಕೆಯಲ್ಲಿ ಒತ್ತಕ್ಷರವನ್ನು ಬಿಡಿಸಿ ಕ, ನ, ಹಲಂತದ ಗುರುತು, ಮತ್ತೆ ನ, ಡ ಎಂದು ಐದು ಚಿಹ್ನೆಗಳು; ಒಟ್ಟು 15 ಬೈಟುಗಳು.

ಈಗ ಮೈಎಸ್‌ಕ್ಯೂಎಲ್ ಕಣಜದ ಕಡೆ ನೋಡೋಣ. ಅದು ಸ್ವೀಡನ್ನಿನಲ್ಲಿ ಹುಟ್ಟಿದ್ದೆಂದೆನಷ್ಟೆ. ಬೇರೆ ಏನನ್ನೂ ಹೇಳದಿದ್ದರೆ ಅದು ಬಳಸುತ್ತಿದ್ದದ್ದು ಪಶ್ಚಿಮ ಯೂರೋಪಿನ ಲ್ಯಾಟಿನ್ ಲಿಪಿಯ ಕಟ್ಟನ್ನು; ಪದಗಳನ್ನು ಅಕಾರಾದಿಯಾಗಿ ಜೋಡಿಸುತ್ತಿದ್ದದ್ದು ಸ್ವೀಡಿಷ್ ಭಾಷೆಯ ಕ್ರಮದಲ್ಲಿ! 2018ರಲ್ಲಿ ಎಂಟನೆಯ ಆವೃತ್ತಿ ಬರುವವರೆಗೂ ಇದೇ ಅದರ ಸಹಜಸ್ಥಿತಿ. ಆ ಲ್ಯಾಟಿನ್ ಕಟ್ಟಿನಲ್ಲಿರುವುದು 256 ಮನೆಗಳು. ಕನ್ನಡಕ್ಕೆ ಅಲ್ಲಿ ಒಂದು ಮನೆಯೂ ಇಲ್ಲ. ಮನೆಯ ಯಂತ್ರದಲ್ಲಿ ಹೊಸ ಆವೃತ್ತಿ, ಬಾಡಿಗೆಯ ಸರ್ವರಿನಲ್ಲಿ ಹಳೆಯದು, ಹೀಗಿದ್ದರೆ ಏನಾಗುತ್ತದೆ? ಗ್ರಂಥಾಲಯದ ಪುಸ್ತಕಗಳ ಹೆಸರುಗಳೆಲ್ಲ ಮನೆಯಲ್ಲಿ ಅಂದವಾಗಿ ಕನ್ನಡದಲ್ಲಿ ಕಾಣುತ್ತವೆ. ಊರಿಗೆ ಹೋದ ಮೇಲೆ ಅಲ್ಲಿ ತುಂಬಿಸಿದ ಹೆಸರುಗಳ ಜಾಗದಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟಿ ನಿಲ್ಲುತ್ತವೆ. ಕನ್ನಡ ಎಂಬ ಪದವಿದ್ದಲ್ಲಿ ????? ಎಂದು ಐದು. ತನ್ನಲ್ಲಿ ಮನೆಯಿಲ್ಲದ ಅಕ್ಷರವನ್ನು ಹಳೆಯ ಏರ್ಪಾಡಿನ ಕಣಜ ಹಾಗೆ ಬದಲಾಯಿಸಿಬಿಡುತ್ತಿತ್ತು. ಕೆಟ್ಟದ್ದು ತೋರಿಕೆ ಮಾತ್ರವಾಗಿದ್ದರೆ ಅಕ್ಷರಮುದ್ರೆಯನ್ನು ಬದಲಾಯಿಸಿ ಸರಿಪಡಿಸಬಹುದಾಗಿತ್ತು. ಇಲ್ಲಿ ಮೂಲವೇ ಅಳಿಸಿಹೋಗಿ ಅದರ ಜಾಗದಲ್ಲಿ ಪ್ರಶ್ನೆ ಉಳಿದಿರುತ್ತದೆ. ಗೆದ್ದಲು ತಿಂದ ಓಲೆಗರಿಯಲ್ಲಿ ತೂತಾದರೂ ಇರುತ್ತದೆ, ಅಕ್ಕಪಕ್ಕದ ಅಕ್ಷರಗಳಿಂದ ಪಾಠವನ್ನು ಊಹಿಸಬಹುದು. ಈ ಐದು ಪ್ರಶ್ನೆಗಳಿಂದ ಯಾವ ಪಂಡಿತನೂ ಮೂಲಪಾಠವನ್ನು ಎತ್ತಲಾರ. ಮನೆಯಂಗಳವೂ ಊರಂಗಳವೂ ಒಂದಾಗಿದ್ದಿದ್ದರೆ ಈ ನಷ್ಟ ಮೊದಲ ದಿನವೇ ಮನೆಯಲ್ಲೇ ಕಣ್ಣಿಗೆ ಬೀಳುತ್ತಿತ್ತು.

ಈ ಡೊಂಕನ್ನು ತಿದ್ದಲು ಮೂರು ಬಗೆಯ ಪ್ರಯತ್ನಗಳು ನಡೆದವು. ಮೊದಲನೆಯದು ಯಂತ್ರದೊಳಗೊಂದು ಯಂತ್ರವನ್ನು ಕಲ್ಪಿಸುವುದು. ಇದನ್ನು ಐ.ಬಿ.ಎಂ. ಸಂಸ್ಥೆ ತನ್ನ ದೊಡ್ಡ ಯಂತ್ರಗಳಲ್ಲಿ 1960ರ ದಶಕದಲ್ಲೇ ಸಾಧಿಸಿತ್ತು. ಮೇಜಿನ ಯಂತ್ರಗಳಿಗೆ ಅದನ್ನು 1999ರಲ್ಲಿ ವಿಎಂವೇರ್ ಸಂಸ್ಥೆ ತಂದಿತು. ಇದರಿಂದ ವಿಂಡೋಸ್ ಯಂತ್ರದ ಹೊಟ್ಟೆಯಲ್ಲೇ ಪೂರ್ಣವಾದ ಒಂದು ಲಿನಕ್ಸ್ ಯಂತ್ರವನ್ನು ನಡೆಸಬಹುದಾಯಿತು. 2010ರಲ್ಲಿ ಮಿಚೆಲ್ ಹಾಶಿಮೊಟೊ ಹೊರತಂದ ವೇಗ್ರಂಟ್ ಎಂಬ ಸಾಧನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಂಗಳವನ್ನು ಹೇಗೆ ಕಟ್ಟಬೇಕೆಂಬುದನ್ನೇ ಒಂದು ಕಡತದಲ್ಲಿ ಬರೆದಿಟ್ಟರೆ, ಹತ್ತು ಮಂದಿ ಹತ್ತು ಊರುಗಳಲ್ಲಿ ಅದನ್ನು ನಡೆಸಿ ಒಂದೇ ಬಗೆಯ ಅಂಗಳವನ್ನು ಪಡೆಯಬಹುದು. ಅಜ್ಜಿಯ ಕೈರುಚಿಯನ್ನು ಅಳತೆ ಸಹಿತ ಬರೆದಿಟ್ಟ ಹಾಗೆ.

ಎರಡನೆಯದು ಪೆಟ್ಟಿಗೆಯ ಉಪಾಯ. ಯಂತ್ರದೊಳಗಿನ ಯಂತ್ರ ಬಹಳ ಭಾರ. ಇಡೀ ಮನೆಯನ್ನೇ ಹೊರುವ ಬದಲು ಕೋಣೆಗಳನ್ನು ಅಡ್ಡಗೋಡೆಯಿಂದ ಬೇರೆ ಮಾಡಿದರೆ ಸಾಲದೆ? ಈ ವಿಚಾರದ ಬೇರು 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿದೆ. 2000ದಲ್ಲಿ ಫ್ರೀಬಿಎಸ್‌ಡಿ, 2008ರಲ್ಲಿ ಲಿನಕ್ಸ್ ಇದನ್ನು ಬೆಳೆಸಿದವು. ಜನಪ್ರಿಯವಾದದ್ದು ಡಾಕರ್ ಎಂಬ ಹೆಸರಿನಲ್ಲಿ. 2013ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಕ್ಲಾರಾದಲ್ಲಿ ನಡೆದ ಪೈಥಾನ್ ಭಾಷೆಯವರ ಸಮ್ಮೇಳನದಲ್ಲಿ ಸಾಲೊಮನ್ ಹೈಕ್ಸ್ ಐದೇ ನಿಮಿಷದ ಭಾಷಣದಲ್ಲಿ ಇದನ್ನು ತೋರಿಸಿದರು. ಹಡಗಿನ ಸರಕುಪೆಟ್ಟಿಗೆಯೇ ಇದಕ್ಕೆ ಉಪಮಾನ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್‌ಲೀನ್ ಅವರ ಐಡಿಯಲ್ ಎಕ್ಸ್ ಎಂಬ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ನ್ಯೂಆರ್ಕಿನಿಂದ ಹ್ಯೂಸ್ಟನ್ನಿಗೆ ಸಾಗಿತು. ಒಳಗೆ ಏನಿದ್ದರೂ ಹೊರಗಿನ ಅಳತೆ ಒಂದೇ ಆದ್ದರಿಂದ ಲಾರಿ, ರೈಲು, ಹಡಗು ಯಾವುದರ ಮೇಲಾದರೂ ಅದು ಕೂರುತ್ತದೆ. ಹಾಗೆಯೇ ಡಾಕರಿನ ಪೆಟ್ಟಿಗೆಯೊಳಗೆ ಕ್ರಮವಿಧಿಯನ್ನೂ ಅದಕ್ಕೆ ಬೇಕಾದ ಸಾಮಗ್ರಿಯನ್ನೂ ಇಟ್ಟು ಮುಚ್ಚಿ, ಮನೆಯಲ್ಲಿ ಪರೀಕ್ಷಿಸಿದ ಪೆಟ್ಟಿಗೆಯನ್ನೇ ಊರಿಗೆ ಕಳಿಸಬಹುದು. ಕುಣಿಯುವವಳು ತನ್ನ ಅಂಗಳವನ್ನು ಸುತ್ತಿಕೊಂಡು ಕಂಕುಳಲ್ಲಿಟ್ಟುಕೊಂಡು ಹೊರಟಂತಾಯಿತು.

ಮೂರನೆಯದು ಸಾಧನವಲ್ಲ, ಶಿಸ್ತು. 2011ರಲ್ಲಿ ಹೆರೋಕು ಸಂಸ್ಥೆಯವರು ಜಾಲದ ಕ್ರಮವಿಧಿಗಳಿಗೆ ಹನ್ನೆರಡು ಸೂತ್ರಗಳನ್ನು ಪ್ರಕಟಿಸಿದರು. ತಾಲೀಮಿನ ಮನೆಗೂ ರಂಗಸ್ಥಳಕ್ಕೂ ಅಂತರ ಆದಷ್ಟು ಕಡಿಮೆಯಿರಲಿ ಎಂಬುದು ಅವುಗಳಲ್ಲೊಂದು. ಗುಪ್ತಪದ ಮುಂತಾದುವನ್ನು ಕ್ರಮವಿಧಿಯೊಳಗೆ ಬರೆಯದೆ ಆಯಾ ಪರಿಸರದಲ್ಲೇ ಇಡಬೇಕೆಂಬ ಸೂತ್ರವೂ ಅಲ್ಲಿದೆ. ಬಳಸಿದ ಪ್ರತಿಯೊಂದು ಸಾಮಗ್ರಿಯ ಆವೃತ್ತಿಯನ್ನು ನಮೂದಿಸಿಡಬೇಕೆಂಬುದು ಇದರದೇ ಮುಂದುವರಿಕೆ. ಹಳಗನ್ನಡ ಕಾವ್ಯವನ್ನು ಸಂಪಾದಿಸುವವರು ಯಾವ ಪಾಠ ಯಾವ ಪ್ರತಿಯದೆಂದು ಅಡಿಯಲ್ಲಿ ಬರೆಯುವುದು ಇದೇ ಕಾರಣಕ್ಕಾಗಿ. ಅದನ್ನು ಬರೆಯದಿದ್ದರೆ ಮುಂದೆ ಬಂದವನು ಅದೇ ಪಾಠವನ್ನು ಮತ್ತೆ ಕಟ್ಟಲಾರ.

ಈ ಶಿಸ್ತಿನ ಬೆಲೆಯನ್ನು ಎರಡು ಘಟನೆಗಳು ತೋರಿಸಿಕೊಟ್ಟವು. 2016ರ ಮಾರ್ಚಿ 22ರಂದು ಜಾವಾಸ್ಕ್ರಿಪ್ಟ್ ಭಾಷೆಯವರ ಸಾರ್ವಜನಿಕ ಉಗ್ರಾಣದಿಂದ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಚಿಕ್ಕ ಸಾಮಗ್ರಿಯನ್ನು ಅದರ ಕರ್ತೃ ಹಿಂದೆಗೆದುಕೊಂಡ. ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಆದರೆ ಅದರ ಮೇಲೆ ನಿಂತಿದ್ದ ದೊಡ್ಡ ದೊಡ್ಡ ಕಟ್ಟಡಗಳು ಲೋಕದಾದ್ಯಂತ ಕೆಲವು ಗಂಟೆಗಳ ಕಾಲ ಕಟ್ಟಲಾಗದೆ ನಿಂತವು. ನಮ್ಮ ಅಂಗಳದಲ್ಲಿ ಎಷ್ಟು ಕಲ್ಲು ನಮ್ಮವು, ಎಷ್ಟು ನೆರೆಯವರವು ಎಂಬ ಎಚ್ಚರ ಆಗ ಹುಟ್ಟಿತು.

ಇನ್ನೊಂದು 2017ರ ಜನವರಿ 31ರದು. ಗಿಟ್‌ಲ್ಯಾಬ್ ಸಂಸ್ಥೆಯ ಕೆಲಸಗಾರನೊಬ್ಬ ತಾನು ಎರಡನೆಯ, ಮೀಸಲು ಸರ್ವರಿನಲ್ಲಿದ್ದೇನೆಂದು ತಿಳಿದು, ಮುಖ್ಯ ಸರ್ವರಿನ ಕಣಜವನ್ನೇ ಅಳಿಸತೊಡಗಿದ. ಸುಮಾರು 300 ಗಿಗಾಬೈಟಿನಷ್ಟು ಮಾಹಿತಿ ಕ್ಷಣಮಾತ್ರದಲ್ಲಿ ಹೋಯಿತು. ಕಾಪಿಡಲು ಮಾಡಿದ್ದ ಬೇರೆ ಏರ್ಪಾಡುಗಳು ಕೈಕೊಟ್ಟವು. ಆಗ ಕಾಪಾಡಿದ್ದು ಏನು? ಆರು ಗಂಟೆಗಳ ಹಿಂದೆ ಪರೀಕ್ಷೆಯ ಪರಿಸರಕ್ಕೆಂದು ಕೈಯಾರೆ ತೆಗೆದಿದ್ದ ಒಂದು ನಕಲು. ಆರು ಗಂಟೆಗಳ ಬದಲಾವಣೆಗಳು ಹೋದವು, ಉಳಿದದ್ದು ಉಳಿಯಿತು. ರಂಗಸ್ಥಳಕ್ಕೆ ಬೆಂಕಿ ಬಿದ್ದಾಗ ತಾಲೀಮಿನ ಮನೆಯಲ್ಲಿದ್ದ ಪ್ರತಿಯಿಂದ ನಾಟಕ ಉಳಿದಂತೆ. ಆ ಸಂಸ್ಥೆ ಇದೆಲ್ಲವನ್ನೂ ಮುಚ್ಚಿಡದೆ ತಾನೇ ಪ್ರಕಟಿಸಿ ಉಳಿದವರಿಗೆ ಪಾಠವಾಗುವಂತೆ ಮಾಡಿತೆಂಬುದನ್ನು ಮೆಚ್ಚಬೇಕು.

ಈಚೆಗೆ ಚಕ್ರ ಇನ್ನೊಂದು ಸುತ್ತು ತಿರುಗಿದೆ. ತಾಲೀಮಿನ ಮನೆಯನ್ನೇ ದೂರದ ದೊಡ್ಡ ಸರ್ವರಿನಲ್ಲಿ ಬಾಡಿಗೆಗೆ ಪಡೆದು, ಬ್ರೌಸರಿನ ಕಿಟಕಿಯಿಂದ ಕೆಲಸ ಮಾಡುವ ಸೌಕರ್ಯಗಳು ಬಂದಿವೆ. 2020ರಲ್ಲಿ ಪ್ರಕಟವಾದ ಗಿಟ್‌ಹಬ್ ಕೋಡ್‌ಸ್ಪೇಸಸ್ ಅಂಥದೊಂದು. ಎಲ್ಲರಿಗೂ ಒಂದೇ ಅಂಗಳವಾದ್ದರಿಂದ ಡೊಂಕಿನ ಮಾತು ಕಡಿಮೆಯಾಗುತ್ತದೆ. ಆದರೆ ಇದು 1961ರ ಕಾಲಹಂಚಿಕೆಯೇ ಹೊಸ ವೇಷದಲ್ಲಿ ಬಂದದ್ದು. ಸಂಪರ್ಕವಿದ್ದರೆ ಅಂಗಳವುಂಟು; ಸಂಪರ್ಕ ಕಡಿದರೆ ಅಂಗಳವೇ ಇಲ್ಲ.

ಹಳ್ಳಿಯ ಪ್ರೌಢಶಾಲೆಯ ಮಕ್ಕಳ ದೃಷ್ಟಿಯಿಂದ ಇದನ್ನು ವಿಚಾರ ಮಾಡಬೇಕು. ಡಾಕರ್ ಉತ್ತಮವೇ ಸರಿ. ಆದರೆ ಕಡಿಮೆ ಸ್ಮೃತಿಯ ಹಳೆಯ ಯಂತ್ರಗಳಲ್ಲಿ ಅದು ಏದುಸಿರು ಬಿಡುತ್ತದೆ. ಬಾಡಿಗೆಯ ಅಂಗಳಕ್ಕೆ ಎಡೆಬಿಡದ ಸಂಪರ್ಕ ಬೇಕು, ಬಳಕೆ ಹೆಚ್ಚಿದರೆ ಹಣವೂ ಬೇಕು. 127.0.0.1 ಎಂಬ ಸ್ವಗತದ ವಿಳಾಸಕ್ಕೆ ಇದಾವುದೂ ಬೇಡ. ಒಮ್ಮೆ ಯಾರಿಂದಲೋ ತಂದ ಝ್ಯಾಂಪ್ ಗಂಟನ್ನು ಹಳೆಯ ಯಂತ್ರದಲ್ಲಿ ಬಿಚ್ಚಿಕೊಂಡರೆ, ಮಳೆಗಾಲದಲ್ಲಿ ಜಾಲಸಂಪರ್ಕ ಹೋದ ದಿನವೂ ಹುಡುಗಿಯೊಬ್ಬಳು ತನ್ನ ಶಾಲೆಯ ಗ್ರಂಥಾಲಯದ ಪಟ್ಟಿಯನ್ನು ಕಟ್ಟುತ್ತ ಕೂರಬಹುದು. ನೂರು ಸಲ ತಪ್ಪು ಮಾಡಬಹುದು. ನೋಡಿ ನಗುವವರಿಲ್ಲ, ಕೆಡುವುದೂ ಏನಿಲ್ಲ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಯಾವುದಿದೆ?

ಅಂಥವರಿಗೆ ಈ ಇತಿಹಾಸ ಹೇಳುವ ಹಿತವಚನ ನಾಲ್ಕೇ ನಾಲ್ಕು. ಊರಿನ ಸರ್ವರಿನಲ್ಲಿ ಯಾವ ಆವೃತ್ತಿಗಳಿವೆಯೆಂದು ಮೊದಲೇ ಕೇಳಿ, ಮನೆಯಲ್ಲೂ ಅವನ್ನೇ ಹೂಡಿಕೊಳ್ಳಬೇಕು. ಕಡತಗಳ ಹೆಸರುಗಳನ್ನು ಚಿಕ್ಕಕ್ಷರದಲ್ಲೇ ಇಡಬೇಕು. ಕಾಲವನ್ನೂ ಅಕ್ಷರಕಟ್ಟನ್ನೂ ಯಂತ್ರದ ಇಷ್ಟಕ್ಕೆ ಬಿಡದೆ ತಾವೇ ಬಾಯಿಬಿಟ್ಟು ಹೇಳಬೇಕು. ಕಣಜ ಸಿದ್ಧವಾದ ಕೂಡಲೆ ಅದರಲ್ಲಿ ಮೊದಲು ಬರೆಯುವ ಪದ ಒತ್ತಕ್ಷರವಿರುವ ಕನ್ನಡ ಪದವಾಗಿರಬೇಕು. ಅದನ್ನು ಮನೆಯಲ್ಲಿ ಒಮ್ಮೆ, ಊರಿನ ಸರ್ವರಿನಲ್ಲಿ ಒಮ್ಮೆ ಬರೆದು, ಮರಳಿ ಓದಿ, ಎರಡೂ ಕಡೆ ಅಕ್ಷರಗಳು ಇದ್ದಂತೆ ಇವೆಯೇ ಎಂದು ನೋಡಬೇಕು. ಹೀಗೆ ಅಂಗಳವನ್ನು ಮಟ್ಟಮಾಡಿಕೊಂಡ ಮೇಲೂ ಹೆಜ್ಜೆ ತಪ್ಪಿದರೆ, ಅದು ಹೆಜ್ಜೆಯದೇ ತಪ್ಪೆಂದು ಧೈರ್ಯವಾಗಿ ಒಪ್ಪಿಕೊಂಡು ತಿದ್ದಿಕೊಳ್ಳಬಹುದು.